ಈರವ್ವನ ಸ್ಟೂಲು

ನಮ್ಮ ಅಂಗಡಿಯ ಗೋಡೆಯ ಮೇಲೆ ಭೀಮರಾಜ್ ಎಂಬುವರ ಫೋಟೊ ಇತ್ತು. ಅವರು ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಂಜಯನಗರದಲ್ಲಿ ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಅವರನ್ನು ತೀರಿಕೊಂಡವರೆಂದೇ ತಿಳಿದಿದ್ದರು. ಕಟ್ಟು ಹಾಕಿಸಿದ ಫಾರ್ಮಸಿಸ್ಟ್ ಸರ್ಟಿಫಿಕೇಟು, ಅದರ ಮೂಲೆಯಲ್ಲಿ ಮೀಸೆ ಬಿಟ್ಟ ಸಣ್ಣ ಮುಖ, ಗಾಜಿನ ಮೇಲೆ ಸರಿಯಾಗಿ ಹಣೆಯ ಜಾಗಕ್ಕೆ ಕುಂಕುಮ. ಆಯುಧಪೂಜೆಯ ದಿನ ನಮ್ಮಪ್ಪ ಫ್ರಿಜ್ಜಿಗೆ, ತೂಕದ ಮಷೀನಿಗೆ, ಸ್ಕೂಟರಿಗೆ ಕುಂಕುಮ ಇಡುತ್ತ ಬರುವಾಗ ದಾರಿಯಲ್ಲಿ ಭೀಮರಾಜ್ ಅವರೂ ಸಿಗುತ್ತಿದ್ದರು. ಒಂದು ಮೊಳ ಸೇವಂತಿಗೆ ಅವರಿಗೂ ಬೀಳುತ್ತಿತ್ತು. ಬಿಪಿ ಮಾತ್ರೆಗೆ ಬರುವ ರಮಾ ಟೀಚರ್ ಒಮ್ಮೆ, "ಪಾಪ, ಹೋಗಿ ಎಷ್ಟ್ ವರ್ಷ ಆಯ್ತು?" ಎಂದು ಕೇಳಿದರು. "ಗೊತ್ತಿಲ್ಲ ಮೇಡಂ, ನಾನೇ ಅವರನ್ನ ಮೂರು ಸಲ ನೋಡಿರೋದು" ಎಂದೆ. ಅದು ನಿಜ.

ಔಷಧಿ ಅಂಗಡಿ ಎಂದ ಮೇಲೆ ಓದಿದ ಫಾರ್ಮಸಿಸ್ಟ್ ಒಬ್ಬರು ಅದರಲ್ಲಿ ಕೂತಿರಬೇಕು ಎಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ಅವರ ಸರ್ಟಿಫಿಕೇಟು ನೇತಾಡುತ್ತಿತ್ತು. ಭೀಮರಾಜ್ ಯಶವಂತಪುರದಲ್ಲಿ ಕಾರಿನ ಸೀಟ್ ಕವರ್ ಹೊಲಿಸುವ ವ್ಯಾಪಾರ ಮಾಡಿಕೊಂಡು ಆರಾಮಾಗಿದ್ದರು. ಅಂಗಡಿಯಲ್ಲಿ ಕೂರುತ್ತಿದ್ದವರು ಈರವ್ವ.

ನಾನು ಯಶವಂತ್, ಅಂಗಡಿ ಮಾಲೀಕ ಅನಂತರಾಜು ಅವರ ಒಬ್ಬನೇ ಮಗ. ಅಂಗಡಿಯ ಹೆಸರು ಲಕ್ಕಣ್ಣ ಮೆಡಿಕಲ್ಸ್. ಲಕ್ಕಣ್ಣ ನಮ್ಮ ತಾತ. ಈಗ ಅಂಗಡಿ ಇರುವ ಜಾಗದಲ್ಲಿ ಅವರು ರಾಗಿ ಬೆಳೆಯುತ್ತಿದ್ದರು. ಎಂಬತ್ತಾರು ವರ್ಷ ಬದುಕಿದರು, ಒಂದು ಮಾತ್ರೆ ನುಂಗಲಿಲ್ಲ. ಅವರ ಹೆಸರಿನ ಬೋರ್ಡಿನ ಕೆಳಗೆ ನಾವು ದಿನಕ್ಕೆ ಸಾವಿರಾರು ಮಾತ್ರೆ ಮಾರುತ್ತೇವೆ.

ಈರವ್ವ ಬಾಗಲಕೋಟೆ ಕಡೆಯವರು. ಪಿಯುಸಿ ಸೈನ್ಸ್ ಮುಗಿಸಿದ ವರ್ಷವೇ ಮದುವೆಯಾಗಿ, ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದಿದ್ದ ಗಂಡ ಪಂಚಪ್ಪನವರ ಜೊತೆ ಇಲ್ಲಿಗೆ ಬಂದರು. ಮೂರು ನಾಲ್ಕು ವರ್ಷದ ಮೇಲೆ, ಎರಡು ತಿಂಗಳ ಮಟ್ಟಿಗೆಂದು ನಮ್ಮ ಅಂಗಡಿಗೆ ಸೇರಿ ಹದಿನೇಳು ವರ್ಷ ಕೂತರು. ಡಾಕ್ಟರು ಏನೇ ಗೀಚಿರಲಿ ಓದುತ್ತಿದ್ದರು. ಒಬ್ಬ ಡಾಕ್ಟರು ತಮ್ಮದೇ ಹಳೆಯ ಚೀಟಿಯನ್ನು ಕಳಿಸಿ, ಏನು ಬರೆದಿದ್ದೇನೆಂದು ಈರವ್ವನಿಂದ ಕೇಳಿಕೊಂಡದ್ದುಂಟು. ಓದು ಬರದ ಮುದುಕಿಯರಿಗೆ ಮಾತ್ರೆಯ ಹಾಳೆಯ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದರು. ಒಂದು ಮೂಲೆ ಹೋಗಿದ್ದರೆ ಬೆಳಿಗ್ಗೆಯದು, ಎರಡು ಮೂಲೆ ಹೋಗಿದ್ದರೆ ರಾತ್ರಿಯದು. ಇನ್ನೊಂದು ಅಭ್ಯಾಸವಿತ್ತು. ಕೈಗೆ ಏನು ಬಂದರೂ ಮೊದಲು ತಿರುಗಿಸಿ ಡೇಟು ನೋಡುವುದು. ಮಾತ್ರೆ ಸರಿ, ಬಿಸ್ಕತ್ತೂ ಸರಿ. ನನ್ನ ಅಕ್ಕನ ಮದುವೆಯಲ್ಲಿ ಎಲೆಯ ಮುಂದೆ ಕೂತು ನೀರಿನ ಬಾಟಲಿಯ ಡೇಟು ಓದಿದವರು ಅವರೊಬ್ಬರೇ.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಪಕ್ಕದ ರಸ್ತೆಯ ಅಂಗಡಿಯಿಂದ ಫೋನ್ ಬಂತು. ಡ್ರಗ್ ಇನ್ಸ್‌ಪೆಕ್ಟರ್ ಈ ಕಡೆಗೇ ಬರುತ್ತಿದ್ದಾರಂತೆ. ಇಂಥ ಫೋನ್ ಬಂದಾಗ ಏನು ಮಾಡಬೇಕೆಂದು ನಮಗೆಲ್ಲ ಗೊತ್ತಿತ್ತು. ನಾನು ಸ್ಕೂಟರ್ ತೆಗೆದುಕೊಂಡು ಹೋಗಿ ಭೀಮರಾಜ್ ಅವರನ್ನು ತಂದೆ. ಅವರಿಗೆ ಬಿಳಿ ಕೋಟು ತೊಡಿಸಿ ಈರವ್ವನ ಸ್ಟೂಲಿನ ಮೇಲೆ ಕೂರಿಸಿದೆವು. ಈರವ್ವ ಹೊರಗೆ ಹೋಗಿ, ಒಂದು ಮುಲಾಮಿನ ಡಬ್ಬಿ ಕೈಯಲ್ಲಿ ಹಿಡಿದು ಗಿರಾಕಿಯ ಹಾಗೆ ನಿಂತರು.

ಇನ್ಸ್‌ಪೆಕ್ಟರ್ ಬಂದು, ಗೋಡೆ ನೋಡಿ, ಭೀಮರಾಜ್ ಅವರನ್ನು ನೋಡಿ, ಮೀಸೆ ಎಲ್ಲಿ ಎಂದು ಕೇಳಲಿಲ್ಲ. "ಥೈರಾಯ್ಡ್ ಮಾತ್ರೆ ಎಲ್ಲಿಡ್ತೀರಿ, ತೋರ್ಸಿ" ಎಂದರು. ಭೀಮರಾಜ್ ಎದ್ದು ಕಪಾಟಿನ ಮುಂದೆ ನಿಂತು ಒಂದೊಂದೇ ಡಬ್ಬಿಯ ಹೆಸರು ಓದತೊಡಗಿದರು. ಬಹಳ ಹೊತ್ತು ಓದಿದರು. ಹೊರಗಿದ್ದ ಗಿರಾಕಿಗೆ ತಡೆಯಲಾಗಲಿಲ್ಲ.

"ಎಡಕ್ಕ, ಮೂರನೇ ಹಲಗಿ, ನೀಲಿ ಡಬ್ಬಿ."

ಇನ್ಸ್‌ಪೆಕ್ಟರ್ ತಿರುಗಿ ನೋಡಿದರು.

"ನಾ ದಿನಾ ತಗೋತೀನ್ರಿ" ಎಂದರು ಈರವ್ವ.

ಇನ್ಸ್‌ಪೆಕ್ಟರ್ ನಮಗೆ ನೋಟಿಸು ಬರೆದುಕೊಟ್ಟು, ಮುಂದಿನ ಸಲ ಬೀಗ ಹಾಕುವುದಾಗಿ ಹೇಳಿ ಹೋದರು. ಭೀಮರಾಜ್ ಸ್ಟೂಲಿನ ಮೇಲೆ ಕೂತು ಟೀ ಕುಡಿದರು. ಅವರು ಕುಡಿದು ಮುಗಿಸುವವರೆಗೆ ಈರವ್ವ ನಿಂತೇ ಇದ್ದರು. ಆಮೇಲೆ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೂತುಕೊಂಡು ಅಪ್ಪನಿಗೆ ಹೇಳಿದರು: "ಸಾವ್ಕಾರ್ರ, ಹದಿನೇಳ ವರ್ಷ ಆತು. ಇನ್ನೊಂದ ಸಲ ನಾ ಹೊರಗ ನಿಂದ್ರೂದಿಲ್ಲ. ಆ ಗ್ವಾಡಿ ಮ್ಯಾಲ ನನ್ನ ಹೆಸರ ಇರಬೇಕು, ಇಲ್ಲಾ ನಾ ಇರೂದಿಲ್ಲ."

ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಯಲಹಂಕದಾಚೆಯ ಒಂದು ಕಾಲೇಜಿಗೆ ಹೋಗಿ ಬಿ.ಫಾರ್ಮ್‌ಗೆ ಎರಡು ಸೀಟು ಮಾಡಿಸಿಕೊಂಡು ಬಂದ. ಒಂದು ಈರವ್ವನಿಗೆ. ಇನ್ನೊಂದು ನನಗೆ. ಪಿಯುಸಿಯಲ್ಲಿ ನನ್ನ ಅಂಕ ನೋಡಿ ಬೇರೆ ಯಾವ ಕಾಲೇಜೂ ಕರೆದಿರಲಿಲ್ಲ.

"ನನಗ್ಯಾಕಪ್ಪಾ?" ಎಂದೆ.

"ಗುಣಿಗೆ ಎರಡ್ ಬೀಜ ಆಕ್ಬೇಕು ಕಣ್ಲಾ. ಒಂದ್ ಸತ್ರೂ ಇನ್ನೊಂದ್ ಬತ್ತದೆ. ನಮ್ಮಪ್ಪ ಅಂಗೇ ಮಾಡ್ತಿದ್ದಿದ್ದು."

ಯಾವ ಬೀಜದ ಮೇಲೆ ನಂಬಿಕೆ ಇದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ದಿನ ಈರವ್ವ ಕ್ಲಾಸಿನೊಳಗೆ ಕಾಲಿಟ್ಟಾಗ ಮೂವತ್ತೆಂಟು ಹುಡುಗ ಹುಡುಗಿಯರು ಎದ್ದು ನಿಂತು ಗುಡ್ ಮಾರ್ನಿಂಗ್ ಮ್ಯಾಮ್ ಎಂದರು. ಅವರೂ ನಮಸ್ಕಾರ ಮಾಡಿ ಹಿಂದಿನ ಬೆಂಚಿಗೆ ಬಂದು ನನ್ನ ಪಕ್ಕ ಕೂತು, "ಸ್ವಲ್ಪ ಆ ಕಡೆ ಸರೀರಿ, ಸಣ್ಣ ಸಾವ್ಕಾರ್ರ" ಎಂದರು. ಅಲ್ಲಿಗೆ ನನ್ನ ಕಾಲೇಜು ಜೀವನ ಮುಗಿಯಿತು. ನಾಲ್ಕು ವರ್ಷ ಇಡೀ ಬ್ಯಾಚು ನನ್ನನ್ನು ಸಾವ್ಕಾರ ಎಂದೇ ಕರೆಯಿತು. ಲೇಟಾಗಿ ಹೋದರೆ ಲೆಕ್ಚರರ್‌ಗಳೂ "ಸಾವ್ಕಾರ್ರು ಬಂದ್ರು" ಎನ್ನುತ್ತಿದ್ದರು.

ಅವರ ದಿನ ಹೀಗಿತ್ತು. ಬೆಳಿಗ್ಗೆ ಏಳಕ್ಕೆ ಅಂಗಡಿ ತೆರೆದು, ಎಂಟೂವರೆಗೆ ಹೆಬ್ಬಾಳಕ್ಕೆ ಹೋಗಿ ಬಸ್ ಹಿಡಿದು ಕಾಲೇಜು, ಐದಕ್ಕೆ ಮತ್ತೆ ಸ್ಟೂಲು. ನಡುವಿನ ಹೊತ್ತು ಅಪ್ಪ ಕೂರುತ್ತಿದ್ದ. ಗಿರಾಕಿಗಳು ಬಂದು ಅಪ್ಪನನ್ನು ನೋಡಿ, "ಮೇಡಂ ಬಂದ್ಮೇಲೆ ಬರ್ತೀವಿ ಬಿಡಿ" ಎಂದು ಹೋಗುತ್ತಿದ್ದರು. ಅಪ್ಪ ನಾಲ್ಕು ವರ್ಷ ಮುಖ್ಯವಾಗಿ ಪೇಪರ್ ಓದಿದ.

ಈರವ್ವನಿಗೆ ಓದು ಸುಲಭವಾಗಿರಲಿಲ್ಲ. ಮಾತ್ರೆ ಕೊಟ್ಟರೆ ಅದರ ಕಂಪನಿ, ಬೆಲೆ, ಯಾವ ಹಲಗೆ, ಯಾರ ಹೊಟ್ಟೆಗೆ ಆಗಿಬರುವುದಿಲ್ಲ, ಎಲ್ಲ ಹೇಳುತ್ತಿದ್ದರು. ಅದರ ರಚನೆ ಬರೆಯಿರಿ ಎಂದರೆ ಪೆನ್ನು ನಿಲ್ಲುತ್ತಿತ್ತು. ಮುಂದಿನ ಬೆಂಚಿನ ಮೋನಿಕಾ ಅವರಿಗೆ ಬೆಂಜೀನ್ ಉಂಗುರ ಬರೆಯುವುದನ್ನು ಕಲಿಸಿದಳು. ಈರವ್ವ ಅವಳಿಗೆ ಡಾಕ್ಟರರ ಅಕ್ಷರ ಓದುವುದನ್ನು ಕಲಿಸಿದರು. ಮನೆಯಲ್ಲಿ ಪಂಚಪ್ಪನವರು ಹೆಂಡತಿಯ ನೋಟ್ಸಿನ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಡ್ಯೂಟಿಗೆ ಹೋಗಿ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗೆಲ್ಲ ಓದಿ, ಸಂಜೆ ಅವರಿಗೆ ಪ್ರಶ್ನೆ ಕೇಳುತ್ತಿದ್ದರು. ಆ ಸಿಗ್ನಲ್ಲಿನ ದಯೆಯಿಂದ ಪಂಚಪ್ಪನವರಿಗೆ ನನಗಿಂತ ಹೆಚ್ಚು ಫಾರ್ಮಕಾಲಜಿ ಬರುತ್ತಿತ್ತು.

ಮೂರನೆಯ ವರ್ಷದವರೆಗೆ ಈರವ್ವ ಎಲ್ಲ ಪೇಪರುಗಳನ್ನೂ ಪಾಸು ಮಾಡಿದರು. ಮಾರ್ಕು ಐವತ್ತು ಚಿಲ್ಲರೆ, ಆದರೆ ಒಂದೂ ಬಾಕಿಯಿಲ್ಲ. ನನ್ನದು ನಾಲ್ಕು ಬಾಕಿ ಇತ್ತು. ಆಮೇಲೆ ವಿಟಮಿನ್ ಸಿ ಬಂತು.

ಅದೊಂದು ಸರಳ ಪ್ರಯೋಗ. ವಿಟಮಿನ್ ಸಿ ಮಾತ್ರೆಯನ್ನು ಅರೆದು ನೀರಿನಲ್ಲಿ ಕರಗಿಸಿ, ಸ್ವಲ್ಪ ಗಂಜಿ ಹಾಕಿ, ಮೇಲಿನಿಂದ ಅಯೋಡಿನ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ನೀಲಿ ಬಣ್ಣ ಬಂದಾಗ ನಿಲ್ಲಿಸಬೇಕು. ಎಷ್ಟು ಅಯೋಡಿನ್ ಹಿಡಿಯಿತು ಎಂಬುದರಿಂದ, ಮಾತ್ರೆಯಲ್ಲಿ ಇರಬೇಕಾದ ಔಷಧಿ ನೂರಕ್ಕೆ ಎಷ್ಟು ಇದೆ ಎಂದು ತಿಳಿಯುತ್ತದೆ. ನಮ್ಮ ಕಾಲೇಜಿನಲ್ಲಿ ಅದು ತೊಂಬತ್ತೆಂಟು ಪಾಯಿಂಟ್ ಆರು ಇತ್ತು. ಯಾರೂ ಹನಿ ಬಿಡದೆ ಇದು ಹೇಗೆ ಗೊತ್ತಾಯಿತೆಂದರೆ, ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಲ್ಲಿ ಬರೆದಿತ್ತು. ಅವರಿಗೆ ಅವರ ಸೀನಿಯರ್‌ಗಳಿಂದ ಬಂದಿತ್ತು. ಆ ಸಂಖ್ಯೆಯನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮ ಯಾರೋ, ಈಗ ಅವನಿಗೂ ಮಕ್ಕಳಿರಬಹುದು.

ಲ್ಯಾಬಿನಲ್ಲಿ ಮಾತ್ರೆಯ ಬಾಟಲಿ ಕೈಗೆ ಬಂದೊಡನೆ ಈರವ್ವ ಅದನ್ನು ತಿರುಗಿಸಿದರು. ಕಾಲೇಜಿನ ಇತಿಹಾಸದಲ್ಲಿ ಆ ಬಾಟಲಿಯನ್ನು ತಿರುಗಿಸಿದ ಮೊದಲಿಗರು ಅವರೇ ಇರಬೇಕು.

"ಮೇಡಂ, ಇದರ ಡೇಟ್ ಮುಗದ ಮೂರ ವರ್ಷ ಆಗೈತ್ರಿ."

ಲ್ಯಾಬ್ ನೋಡಿಕೊಳ್ಳುತ್ತಿದ್ದ ಸ್ಮಿತಾ ಮೇಡಂಗೆ ಈರವ್ವನಿಗಿಂತ ಹದಿಮೂರು ವರ್ಷ ಕಡಿಮೆ ವಯಸ್ಸು. "ಈರವ್ವ ಅವ್ರೇ, ಇದು ತಿನ್ನೋಕಲ್ಲ, ಪ್ರಾಕ್ಟಿಕಲ್‌ಗೆ" ಎಂದರು.

ಈರವ್ವ ಹೋಗಿ ಪ್ರಯೋಗ ಮಾಡಿದರು. ಎಪ್ಪತ್ತೊಂದು ಬಂತು. ಮತ್ತೆ ಮಾಡಿದರು, ಎಪ್ಪತ್ತು. ಮೂರನೆಯ ಸಲ, ಎಪ್ಪತ್ತೊಂದು. ರೆಕಾರ್ಡಿನಲ್ಲಿ ಎಪ್ಪತ್ತೊಂದು ಎಂದೇ ಬರೆದರು. ಸ್ಮಿತಾ ಮೇಡಂ ಸಹಿ ಹಾಕಲಿಲ್ಲ.

"ನೈಂಟಿ ಎಯ್ಟ್ ಪಾಯಿಂಟ್ ಸಿಕ್ಸ್ ಬರ್ಕೊಂಡ್ ಬನ್ನಿ, ಈಗ್ಲೇ ಸೈನ್ ಮಾಡ್ತೀನಿ. ಪ್ರಿನ್ಸಿಪಾಲ್ ನೋಡಿದ್ರೆ ನನ್ನನ್ನೇ ಕೇಳ್ತಾರೆ."

"ಬಂದದ್ದನ್ನ ಬರದೀನ್ರಿ ಮೇಡಂ."

"ಸೈನ್ ಇಲ್ದೆ ಎಕ್ಸಾಮ್‌ಗೆ ಬಿಡಲ್ಲ, ಗೊತ್ತಲ್ವಾ?"

"ಗೊತ್ತೈತ್ರಿ."

ಪರೀಕ್ಷೆಗೆ ಬಿಡದಿದ್ದರೆ ವರ್ಷ ಹೋಗುತ್ತದೆ. ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ವರ್ಷ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಮತ್ತೊಮ್ಮೆ ಬಂದರೆ ಅಂಗಡಿಗೆ ಬೀಗ, ಇಲ್ಲವೇ ಮುಲಾಮಿನ ಡಬ್ಬಿ ಹಿಡಿದು ರಸ್ತೆಯಲ್ಲಿ ನಿಲ್ಲುವುದು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಬಸ್ಸಿನಲ್ಲಿ ಹೆಬ್ಬಾಳದವರೆಗೂ ಬೈದೆ.

"ಒಂದ್ ನಂಬರ್ ಅಲ್ವಾ ಅಕ್ಕಾ! ಮೂರು ವರ್ಷ ಒದ್ದಾಡಿ ಒಂದ್ ನಂಬರ್‌ಗೋಸ್ಕರ ಕಳ್ಕೊಳ್ತೀರಾ? ಎಲ್ರೂ ಬರೀತಾರೆ, ಬರ್ದು ಬಿಸಾಕಿ."

ಈರವ್ವ ಕಿಟಕಿಯ ಕಡೆ ನೋಡುತ್ತಿದ್ದರು. "ಸಣ್ಣ ಸಾವ್ಕಾರ್ರ, ನಾ ಮಾಡದ ಕೆಲಸಕ್ಕ ನನ್ನ ಹೆಸರ ಹಾಕಿದ್ರ, ನಾನೂ ಭೀಮರಾಜ್ ಆದಂಗ ಅಲ್ಲೇನ್ರಿ?"

ನನ್ನ ಚೀಲದಲ್ಲಿ ಮೋನಿಕಾಳ ರೆಕಾರ್ಡು ಇತ್ತು, ನಕಲು ಮಾಡಿಕೊಳ್ಳಲು ತೆಗೆದುಕೊಂಡಿದ್ದೆ. ಹೆಬ್ಬಾಳದಲ್ಲಿ ಇಳಿದೆವು.

ಸಹಿಗೆ ಕೊನೆಯ ದಿನ ಸಂಜೆ ನಾಲ್ಕೂವರೆಗೆ ಸ್ಮಿತಾ ಮೇಡಂ ಈರವ್ವನನ್ನು ಕರೆಸಿದರು. ರೆಕಾರ್ಡು ತೆಗೆದು, ಎಪ್ಪತ್ತೊಂದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಫಲಿತಾಂಶ ತೃಪ್ತಿಕರವಾಗಿಲ್ಲ' ಎಂದು ಬರೆದು, ಹತ್ತಕ್ಕೆ ಎರಡು ಮಾರ್ಕು ಕೊಟ್ಟು, ಸಹಿ ಹಾಕಿದರು. ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಡಂ ಒಬ್ಬರೇ ಲ್ಯಾಬಿನಲ್ಲಿ ಅಯೋಡಿನ್ ಬಿಡುತ್ತ ನಿಂತಿದ್ದನ್ನು ಮೋನಿಕಾ ನೋಡಿದ್ದಳಂತೆ. ಎಷ್ಟು ಬಂತೋ, ಅವರು ಯಾರಿಗೂ ಹೇಳಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಸಿದ್ದಲಿಂಗ ಎಂಬ ಪರೀಕ್ಷಕರು ಬಂದರು. ಆ ವರ್ಷ ಎಲ್ಲರಿಗೂ ಒಂದೇ ಪ್ರಯೋಗ ಕೊಟ್ಟರು, ವಿಟಮಿನ್ ಸಿ. ನಾನು ಅರ್ಧ ಗಂಟೆಯಲ್ಲಿ ಮುಗಿಸಿದೆ, ಏಕೆಂದರೆ ನಾನು ಅಯೋಡಿನ್ ಮುಟ್ಟಲಿಲ್ಲ. ಸಿದ್ದಲಿಂಗ ಸರ್ ನನ್ನ ಉತ್ತರ ಪತ್ರಿಕೆ ನೋಡಿ ಕೇಳಿದರು.

"ಕೊನೇಲಿ ಯಾವ ಬಣ್ಣ ಬಂತು?"

"ತೊಂಬತ್ತೆಂಟು ಪಾಯಿಂಟ್ ಆರು ಸರ್."

ಅವರು ಅದನ್ನು ಬರೆದುಕೊಂಡರು.

ಈರವ್ವನ ಸರದಿ ಬಂದಾಗ ಸರ್ ಪತ್ರಿಕೆಯನ್ನು ಎರಡು ಸಲ ನೋಡಿದರು. "ಎಲ್ರಿಗೂ ತೊಂಬತ್ತೆಂಟು ಬಂದಿದೆ. ನಿಮಗೆ ಎಪ್ಪತ್ತು ಯಾಕೆ?"

"ಅದರ ಡೇಟ್ ಮುಗದೈತ್ರಿ ಸರ. ಹಳೇ ಆದ್ರ ಈ ಮಾತ್ರಿ ಕೆಂಪ ಚುಕ್ಕಿ ಬೀಳತಾವು, ಶಕ್ತಿ ಹೋಗತೈತಿ. ನಮ್ಮ ಅಂಗಡ್ಯಾಗ ನಾವು ಇಂಥಾವು ತಗದ ಒಗಿತೀವ್ರಿ."

ಸಿದ್ದಲಿಂಗ ಸರ್ ಬಾಟಲಿ ತರಿಸಿದರು. ತಿರುಗಿಸಿ ನೋಡಿದರು. ಸ್ಮಿತಾ ಮೇಡಂ ಕಡೆ ನೋಡಿದರು. ಮೇಡಂ ನೆಲ ನೋಡುತ್ತಿದ್ದರು. ಸರ್ ಒಂದು ಮಾತ್ರೆಯನ್ನು ತಾವೇ ಅರೆದು, ತಾವೇ ಅಯೋಡಿನ್ ಬಿಟ್ಟು, ತಾವೇ ಲೆಕ್ಕ ಹಾಕಿದರು. ಆಮೇಲೆ ಕೈ ತೊಳೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಟೀ ಕುಡಿದರು. ಮೂವತ್ತೊಂಬತ್ತು ಜನರನ್ನು ಊಟಕ್ಕೆ ಮುಂಚೆ ಫೇಲು ಮಾಡುವ ಪದ್ಧತಿ ಎಲ್ಲೂ ಇಲ್ಲವಾದ್ದರಿಂದ ನಮ್ಮಲ್ಲಿ ಹೆಚ್ಚಿನವರು ಪಾಸಾದರು. ಬಣ್ಣ ಕೇಳಿದಾಗ ಸಂಖ್ಯೆ ಹೇಳಿದವನು ನಾನೊಬ್ಬನೇ ಆದ್ದರಿಂದ ನಾನು ಫೇಲಾದೆ. ಈರವ್ವನಿಗೆ ಆ ಪ್ರಾಕ್ಟಿಕಲ್‌ನಲ್ಲಿ ತರಗತಿಗೇ ಹೆಚ್ಚು ಮಾರ್ಕು ಬಂತು. ನಾಲ್ಕು ವರ್ಷದಲ್ಲಿ ಅವರು ಯಾವುದರಲ್ಲಾದರೂ ಮೊದಲು ಬಂದದ್ದು ಅದೊಂದರಲ್ಲೇ.

ಮುಂದಿನ ವರ್ಷ ಅವರು ಡಿಗ್ರಿ ಮುಗಿಸಿದರು. ನನ್ನದು ಐದು ಬಾಕಿ ಉಳಿಯಿತು. ಎರಡು ಬೀಜದಲ್ಲಿ ಒಂದು ಬಂತು ಎಂದು ಅಪ್ಪ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ. ನಾನು ಪಕ್ಕದಲ್ಲಿ ನಿಂತಿರುವಾಗಲೂ ಹೇಳಿದ.

ಫಾರ್ಮಸಿ ಕೌನ್ಸಿಲ್ಲಿನಿಂದ ನೋಂದಣಿಯ ಸರ್ಟಿಫಿಕೇಟು ಬಂದ ದಿನ ಈರವ್ವ ಅದಕ್ಕೆ ತಾವೇ ಕಟ್ಟು ಹಾಕಿಸಿ, ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ತಂದರು. ಅಪ್ಪ ಅದನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ಸಂತೋಷದಲ್ಲೇ ಹೇಳಿದ: "ಎಬ್ಬಾಳ್ದಾಗೆ ನಮ್ ಬಿಲ್ಡಿಂಗ್ ಕೆಳಗೆ ಇನ್ನೊಂದ್ ಮೆಡಿಕಲ್ ಇಡ್ತಾ ಇವ್ನಿ ಕಣಮ್ಮ. ಇದನ್ನ ಅಲ್ಲಿಗೆ ಆಕಾಣ. ಇಲ್ಲಿ ಎಂಗೂ ಭೀಮರಾಜಂದು ಐತೆ. ನೀನು ಇಲ್ಲೇ ಇರು. ಇಲ್ಲಿ ಜನಕ್ಕೆ ನೀನ್ ಗೊತ್ತು, ಗೋಡೆ ಯಾರ್ ನೋಡ್ತಾರೆ?"

ಅವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಒಂದು ಪಂಪಿನಿಂದ ಎರಡು ಹೊಲಕ್ಕೆ ನೀರು ಬಿಟ್ಟವರ ಮಗ ಅವನು.

ಈರವ್ವ ಕೂಗಾಡಲಿಲ್ಲ. ಗಾಜಿನ ಮೇಲೆ ಬಿದ್ದಿದ್ದ ಅಪ್ಪನ ಬೆರಳ ಗುರುತನ್ನು ಸೆರಗಿನಿಂದ ಒರೆಸಿದರು. "ಹಂಗಾರ ಇನ್ಸ್‌ಪೆಕ್ಟರ್ ಇಲ್ಲಿಗೆ ಬಂದ ದಿನ ನಾ ಮತ್ತ ಹೊರಗ ನಿಂದರಬೇಕಲ್ರಿ, ಸಾವ್ಕಾರ್ರ?"

ಅಪ್ಪ ಪೇಪರ್ ಕೈಗೆತ್ತಿಕೊಂಡ.

"ಇದು ಹೆಬ್ಬಾಳಕ್ಕ ಹೋದ್ರ ನಾನೂ ಹೆಬ್ಬಾಳಕ್ಕ ಹೋಗತೀನಿ. ಇಲ್ಲಿದ್ರ ಇಲ್ಲಿ. ಎರಡೂ ಕಡೆ ಇರಾಕ ನಾ ದೇವರಲ್ರಿ."

ಎಂಟು ದಿನ ಅಪ್ಪ ಅವರೊಡನೆ ಮಾತಾಡಲಿಲ್ಲ. ಈರವ್ವ ದಿನಾ ಬೆಳಿಗ್ಗೆ ಟವೆಲಿನಲ್ಲಿ ಸುತ್ತಿದ ಕಟ್ಟನ್ನು ತಂದು ಸ್ಟೂಲಿನ ಪಕ್ಕ ನೆಲದ ಮೇಲಿಟ್ಟುಕೊಂಡು ಕೂರುವುದು, ಸಂಜೆ ವಾಪಸ್ಸು ಒಯ್ಯುವುದು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂಬತ್ತನೆಯ ದಿನ ನಾನೇ ಏಣಿ ಹತ್ತಿ ಭೀಮರಾಜ್ ಅವರನ್ನು ಇಳಿಸಿದೆ. ಅಪ್ಪ ಪೇಪರಿನ ಮೇಲಿಂದ ನೋಡಿದ.

"ಏನ್ಲಾ ಮಾಡ್ತಾ ಇದೀಯ?"

"ಇವರು ಬದುಕಿದ್ದಾರಪ್ಪ. ಮನೆಗೆ ಕಳಿಸ್ತೀನಿ."

ಅಪ್ಪ ಪೇಪರಿನ ಪುಟ ತಿರುವಿದ. ಬೇಡ ಎನ್ನಲಿಲ್ಲ. ನಾನು ಮೊಳೆಗೆ ಈರವ್ವನ ಕಟ್ಟನ್ನು ತಗುಲಿಸಿದೆ. ಹೆಬ್ಬಾಳದ ಅಂಗಡಿಯ ಶಟರು ಇನ್ನೂ ಎಳೆದೇ ಇದೆ. ಆ ಗೋಡೆಗೆ ಬರಬೇಕಾದ ಸರ್ಟಿಫಿಕೇಟು ನನ್ನದು ಎಂದು ಮನೆಯಲ್ಲಿ ಎಲ್ಲರೂ ದಿನಾ ಜ್ಞಾಪಿಸುತ್ತಾರೆ. ಬಾಕಿಯಿದ್ದ ವಿಟಮಿನ್ ಸಿ ಪ್ರಯೋಗವನ್ನು ಹೋದ ತಿಂಗಳು ಹೊಸ ಬಾಟಲಿಯಲ್ಲಿ ಮಾಡಿದೆ. ತೊಂಬತ್ತಾರು ಬಂತು, ಬಣ್ಣ ನೀಲಿ.

ಭೀಮರಾಜ್ ತಮ್ಮ ಸರ್ಟಿಫಿಕೇಟು ತೆಗೆದುಕೊಂಡು ಹೋಗಲು ಬಂದಾಗ ಹಣೆಯ ಕುಂಕುಮವನ್ನು ನೋಡಿ, "ಯಾರ್ರೀ ಇಟ್ಟಿದ್ದು ಇದನ್ನ?" ಎಂದು ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ.

ಈರವ್ವ ಮಧ್ಯಾಹ್ನ ಊಟಕ್ಕೆ ಹೋಗುವಾಗ ಕಟ್ಟನ್ನು ಮೊಳೆಯಿಂದ ಇಳಿಸಿ ಡ್ರಾಯರಿನಲ್ಲಿಟ್ಟು ಹೋಗುತ್ತಾರೆ. ಆ ಅರ್ಧ ಗಂಟೆ ನಾವು ಸೋಪು, ಟೂತ್‌ಪೇಸ್ಟು ಮಾತ್ರ ಮಾರುತ್ತೇವೆ. ಅಪ್ಪನಿಗೆ ಇದು ಅತಿಯೆನಿಸುತ್ತದೆ. ನನಗೂ ಅನಿಸುತ್ತದೆ. ನಾವು ಎಷ್ಟು ಹೇಳಿದರೂ ಅವರು ಅದನ್ನು ಬಿಡುವವರಲ್ಲ.

ಈ ವರ್ಷದ ಆಯುಧಪೂಜೆಗೆ ಅಪ್ಪ ಎಂದಿನಂತೆ ಕುಂಕುಮದ ಬಟ್ಟಲು, ಸೇವಂತಿಗೆ ಹಾರ ಹಿಡಿದು ಹೊರಟ. ಸ್ಕೂಟರಿಗೆ ಆಯಿತು, ತೂಕದ ಮಷೀನಿಗೆ ಆಯಿತು, ಫ್ರಿಜ್ಜಿಗೆ ಆಯಿತು. ಅಭ್ಯಾಸಬಲದಿಂದ ಗೋಡೆಯ ಹತ್ತಿರ ಹೋಗಿ, ಕೊನೆಯ ಹಾರವನ್ನು ಕಟ್ಟಿನ ಕಡೆ ಎತ್ತಿದ. ಸ್ಟೂಲಿನ ಮೇಲೆ ಕೂತು ಯಾರದೋ ಮಾತ್ರೆಯ ಹಾಳೆಯ ಮೂಲೆ ಕತ್ತರಿಸುತ್ತಿದ್ದ ಈರವ್ವ ತಲೆ ಎತ್ತಿದರು.

"ಅದಕ್ಕ ಹಾರ ಹಾಕಬ್ಯಾಡ್ರಿ, ಸಾವ್ಕಾರ್ರ. ನಾ ಇಲ್ಲೇ ಅದೀನಿ."

ಅಪ್ಪ ಗೋಡೆ ನೋಡಿದ, ಸ್ಟೂಲು ನೋಡಿದ. ಆಮೇಲೆ ವಾಪಸ್ಸು ಹೋದ. ಈ ವರ್ಷ ನಮ್ಮ ಫ್ರಿಜ್ಜಿಗೆ ಎರಡು ಹಾರ.